ಶರತ್ಕಾಲದ ಮೂರು ಭಾನುವಾರಗಳು

ಪ್ರವಾಸವೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಕಾಶಿ, ಕಾಶ್ಮೀರ, ಡಾರ್ಜಿಲಿಂಗ್‌ಗಳೇ ಹೊರತು ಮನೆಯಿಂದ ಕೂಗಳತೆಯಲ್ಲಿರುವ ಗುಡ್ಡಗಳಲ್ಲ. ನೆಂಟರು ಬಂದಾಗ ಅರಮನೆ, ಮೃಗಾಲಯ, ಬೃಂದಾವನಗಳನ್ನು ತೋರಿಸಿ, ಅವರನ್ನು ರೈಲು ಹತ್ತಿಸಿ ನಿಟ್ಟುಸಿರಿಡುವುದಷ್ಟೇ ಮೈಸೂರಿನಲ್ಲಿ ವಾಸಿಸುವ ನಮ್ಮಂಥವರ ಪ್ರವಾಸ. ಹತ್ತು ವರ್ಷಗಳಿಂದ ಈ ಊರಿನಲ್ಲಿದ್ದರೂ ನಾನು ಚಾಮುಂಡಿ ಬೆಟ್ಟವನ್ನು ಕಾಲ್ನಡಿಗೆಯಿಂದ ಏರಿದವನಲ್ಲ. ತರಗತಿಯಲ್ಲಿ ಮಾತ್ರ ಪ್ರತಿವರ್ಷವೂ ತಪ್ಪದೆ ಶರದೃತುವಿನ ವರ್ಣನೆಯನ್ನು ಪಾಠ ಹೇಳುತ್ತೇನೆ. ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದಷ್ಟೆ. ಮೋಡ ಹರಿದ ಆಕಾಶ, ತಿಳಿಯಾದ ನೀರು, ಬೆಳ್ಳಗೆ ಅರಳಿದ ಜೊಂಡು, ಮರಳಿ ಬರುವ ಹಂಸ, ಇವಿಷ್ಟನ್ನೂ ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಫ್ಯಾನಿನ ಕೆಳಗೆ ನಿಂತು ವಿವರಿಸುವುದು ನನ್ನ ವೃತ್ತಿ.

ಹಿಂದಿನ ವರ್ಷ ನೀರು ತುಂಬುವ ಹಬ್ಬದ ಸಂಜೆ ನನ್ನಾಕೆ ಬಚ್ಚಲುಮನೆಯಲ್ಲಿ ಜಾರಿಬಿದ್ದು ಬಲಗಾಲಿನ ಹರಡಿನ ಮೂಳೆಯನ್ನು ಮುರಿದುಕೊಂಡಳು. ಆರು ವಾರ ಕಾಲಿಗೆ ಪ್ಲಾಸ್ಟರು. ಬಳಿಕ ವೈದ್ಯರು ಚಿತ್ರ ತೆಗೆದು ನೋಡಿ, “ಮೂಳೆ ಚೆನ್ನಾಗಿ ಕೂಡಿದೆ. ಇನ್ನು ಧಾರಾಳವಾಗಿ ನಡೆದಾಡಬಹುದು” ಎಂದರು. ಮೂಳೆ ಕೂಡಿತೇ ಹೊರತು ಧೈರ್ಯ ಕೂಡಲಿಲ್ಲ. ಮೊದಮೊದಲು ಆಕೆಗೂ ಅಂಜಿಕೆಯಿತ್ತು, ನಿಜ. ಆದರೆ ಆಕೆ ತೀರ್ಥಹಳ್ಳಿಯ ಕಡೆಯ ಹೆಣ್ಣು. ಶಾಲೆಗೆ ಹೋಗಲು ಗುಡ್ಡ ಹತ್ತಿಳಿದವಳು. ಕ್ರಮೇಣ ಆಕೆಯ ಅಂಜಿಕೆ ಕರಗಿತು, ನನ್ನದು ಬೆಳೆಯಿತು. “ಅದನ್ನೆತ್ತಬೇಡ, ಇಲ್ಲಿ ಜಾರುತ್ತದೆ, ಆ ಮೆಟ್ಟಿಲು ಬೇಡ” ಎಂಬ ಮಾತುಗಳೇ ನಮ್ಮ ಮನೆಯ ಸುಪ್ರಭಾತವಾದವು. ಆಕೆ ಮೊದಲು ನಗುತ್ತಿದ್ದಳು. ಆಮೇಲೆ ಉತ್ತರ ಕೊಡುವುದನ್ನೇ ಬಿಟ್ಟಳು. ಅದನ್ನು ವಿಧೇಯತೆಯೆಂದು ಭಾವಿಸಿ ನಾನು ಸಂತೋಷಪಟ್ಟೆ.

ಈ ಸಲದ ವಿಜಯದಶಮಿ ಕಳೆದು ಊರಿನ ಸಂದಣಿ ಇಳಿದ ಮೇಲೆ, ಒಂದು ಸಂಜೆ ನಾನು ಪಾಠದ ಟಿಪ್ಪಣಿ ಬರೆಯುತ್ತಿದ್ದಾಗ ಆಕೆ ಬಂದು, “ಶರದೃತು ಎಂದರೆ ಏನು?” ಎಂದು ಕೇಳಿದಳು. ನಾನು ಉತ್ಸಾಹದಿಂದ ಆಶ್ವಯುಜ, ಕಾರ್ತಿಕ ಎಂದು ಆರಂಭಿಸುವಷ್ಟರಲ್ಲಿ, “ಪುಸ್ತಕದಲ್ಲಿರುವುದಲ್ಲ, ಹೊರಗಿರುವುದು. ಈ ಭಾನುವಾರ ಬೆಟ್ಟ ಹತ್ತೋಣ” ಎಂದಳು. ನನ್ನ ಆಕ್ಷೇಪಣೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ, “ನೀವು ಬಾರದಿದ್ದರೆ ನಾನೊಬ್ಬಳೇ ಹೋಗುತ್ತೇನೆ” ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಮಗಳನ್ನು ಅಜ್ಜಿಯ ಬಳಿ ಬಿಟ್ಟು ಬೆಳಗಿನ ಆರು ಗಂಟೆಗೆ ನಾವು ಚಾಮುಂಡಿ ಪಾದದಲ್ಲಿದ್ದೆವು. ಹಿಂದಿನ ರಾತ್ರಿ ಚಿತ್ತೆಯ ಮಳೆ ಬಂದು ಹೋಗಿತ್ತು. ಸಾವಿರ ಮೆಟ್ಟಿಲುಗಳ ಈ ದಾರಿಯನ್ನು ಕಟ್ಟಿಸಿದವರು 17ನೆಯ ಶತಮಾನದಲ್ಲಿ ಆಳಿದ ದೊಡ್ಡದೇವರಾಜ ಒಡೆಯರು. ದಾರಿಯ ಬಹುಪಾಲು ಏರಿದ ಮೇಲೆ ಎದುರಾಗುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಪ್ರತಿಯೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮವಿಟ್ಟು ಏರುವ ಹೆಂಗಸರು ನಮ್ಮ ಮುಂದೆ ಇದ್ದರು. ಒಂದೊಂದು ಮೆಟ್ಟಿಲನ್ನೂ ಮುಟ್ಟಿ ಮುಂದೆ ಸಾಗುವ ಅವರ ನಿಧಾನವೇ ನಮಗೆ ಒಳ್ಳೆಯ ಜೊತೆಯಾಯಿತು. ಬೆಟ್ಟದ ಕಲ್ಲು ಸುಮಾರು 80 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಂಥ ಬೆಟ್ಟವೂ ಅಲುಗದೆ ಇರುವುದಿಲ್ಲ; 2021ರ ಹಿಂಗಾರಿನಲ್ಲಿ ನಂದಿಯ ಬಳಿಯ ರಸ್ತೆ ಕುಸಿದುದನ್ನು ಮೈಸೂರಿನವರು ಮರೆತಿರಲಾರರು. ನಾನು ಆಕೆಯ ಕಾಲನ್ನೇ ನೋಡುತ್ತ ಏರಿದೆ. ಆಕೆ ಪೊದೆಗಳ ಮೇಲೆ ಹಾರಾಡುತ್ತಿದ್ದ ನೀಲಿ ಪಟ್ಟೆಯ ಚಿಟ್ಟೆಗಳನ್ನು ನೋಡುತ್ತ ಏರಿದಳು. ನಂದಿಯ ಬಳಿ ಕುಳಿತು ಬಿಚ್ಚಿದ ಬುತ್ತಿಯಿಂದ ಎರಡು ಬಾಳೆಯಹಣ್ಣನ್ನು ಕೋತಿಯೊಂದು ಒಯ್ದಿತು. ಮಳೆಯಿಂದ ತೊಳೆದ ಗಾಳಿಯಲ್ಲಿ ಕೆಳಗಿನ ಊರು, ಕೆರೆಗಳು, ಅರಮನೆಯ ಗೋಪುರಗಳು ಈಗ ತಾನೆ ಬರೆದ ಚಿತ್ರದಂತೆ ಸ್ಪಷ್ಟವಾಗಿದ್ದವು.

ಎರಡನೆಯ ಭಾನುವಾರ ಶ್ರೀರಂಗಪಟ್ಟಣದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಆಟೋರಿಕ್ಷಾದಲ್ಲಿ ಕರಿಘಟ್ಟಕ್ಕೆ ಹೋದೆವು. ಬೆಟ್ಟದ ಮೇಲೆ ಶ್ರೀನಿವಾಸನ ಗುಡಿ. ಕೆಳಗೆ ಲೋಕಪಾವನಿ ಬಂದು ಕಾವೇರಿಯನ್ನು ಸೇರುತ್ತಾಳೆ. ಕಾವೇರಿ ಎರಡಾಗಿ ಒಡೆದು ದ್ವೀಪವನ್ನು ಬಳಸಿ ಮತ್ತೆ ಒಂದಾಗುವ ಪರಿಯನ್ನು ಅರಿಯಬೇಕಾದರೆ ಈ ಗುಡ್ಡವನ್ನೇರಬೇಕು. ಯುದ್ಧ ಬಲ್ಲವರಿಗೂ ಈ ಎತ್ತರದ ಬೆಲೆ ತಿಳಿದಿತ್ತು. 1792ರಲ್ಲಿ ಕಾರ್ನ್‌ವಾಲೀಸನ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಇದು ಟಿಪ್ಪುವಿನ ಕಾವಲಿನ ನೆಲೆಯಾಗಿದ್ದು, ಆಂಗ್ಲರ ವಶವಾಯಿತು. ಈಗ ಅಲ್ಲಿ ಕಾವಲಿರುವುದು ತಂಗಡಿಯ ಹಳದಿ ಹೂವು ಮತ್ತು ಗಾಳಿ ಮಾತ್ರ.

ಇಳಿಯುವಾಗ ನಾನು ಆಕೆಯ ತೋಳನ್ನು ಬಿಡಲಿಲ್ಲ. ಮೆಟ್ಟಿಲ ಕೊನೆಯಲ್ಲಿ ಹೂ ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ ಮರುಕದಿಂದ, “ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲವೇ ಸ್ವಾಮಿ?” ಎಂದಳು. ಆಕೆ ತೋಳನ್ನು ಬಿಡಿಸಿಕೊಂಡು ಮುಂದೆ ನಡೆದಳು. ಮೈಸೂರು ತಲುಪುವವರೆಗೂ ನಮ್ಮಿಬ್ಬರ ನಡುವೆ ಮಾತಿಲ್ಲ.

ಆದುದರಿಂದ ಮೂರನೆಯ ಭಾನುವಾರ ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಸ್ಕೂಟರಿನಲ್ಲಿ ಪಾಂಡವಪುರಕ್ಕೆ ಹೊರಟೆವು. ದಾರಿಯ ಎರಡು ಬದಿಗಳಲ್ಲಿ ಕಬ್ಬು, ತೆನೆ ತೂಗುವ ಬತ್ತ. ನೀರಾವರಿಯಿಲ್ಲದ ಎತ್ತರದ ಹೊಲಗಳಲ್ಲಿ ಹುಚ್ಚೆಳ್ಳು ಹೂ ಬಿಟ್ಟು ನೆಲವೆಲ್ಲ ಚಿನ್ನವಾಗಿತ್ತು. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದುದರಿಂದ ಆಂಗ್ಲರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಜನರ ನಂಬಿಕೆಗೆ ಅದಾವುದೂ ಲೆಕ್ಕವಿಲ್ಲ: ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರು, ಈ ಬೆಟ್ಟ ಕುಂತಿಗೆ ಪ್ರಿಯವಾಗಿತ್ತು; ಆದುದರಿಂದ ಇದು ಕುಂತಿಬೆಟ್ಟ.

ಕುಂತಿಬೆಟ್ಟ ಚಾಮುಂಡಿಯಂತಲ್ಲ. ಕೊಂಚ ದೂರ ಮೆಟ್ಟಿಲುಗಳಿವೆ. ಬಳಿಕ ಬೋಳು ಬಂಡೆ. ಏರುವಾಗ ಉಸಿರಿನ ಕಡೆಗೇ ಗಮನವಿದ್ದುದರಿಂದ ನನಗೆ ಏನೂ ಅನ್ನಿಸಲಿಲ್ಲ. ಶಿಖರದಲ್ಲಿ ಕುಳಿತು ತೊಣ್ಣೂರು ಕೆರೆಯ ನೀಲಿಯನ್ನು ನೋಡುತ್ತ, ರಾಮಾನುಜಾಚಾರ್ಯರು ಆ ತೀರದಲ್ಲಿ ನೆಲೆಸಿದ್ದ ಸಂಗತಿಯನ್ನು ಆಕೆಗೆ ಸವಿಸ್ತಾರವಾಗಿ ಹೇಳಿದೆ. ಅಷ್ಟರಲ್ಲಿ ಸ್ವಾತಿಯ ಮೋಡವೊಂದು ಬಂದು ಹತ್ತು ನಿಮಿಷ ಹನಿಯಿಕ್ಕಿ ಹೋಯಿತು. ನಾವು ಇಳಿಯಲು ಎದ್ದೆವು.

ಇಳಿಜಾರಿನ ಅರ್ಧಕ್ಕೆ ಬಂದಾಗ ನನ್ನ ದೃಷ್ಟಿ ಕೆಳಗೆ ಹೋಯಿತು. ಒದ್ದೆಯ ಬಂಡೆ ಹೊಳೆಯುತ್ತಿತ್ತು; ಅದರ ಅಂಚಿನಾಚೆ ಹೊಲಗಳು ಅಂಗೈಯಗಲ ಕಾಣುತ್ತಿದ್ದವು. ಒಮ್ಮೆಲೇ ನನ್ನ ಮೊಣಕಾಲುಗಳು ನಡುಗಲಾರಂಭಿಸಿದವು. ಕುಳಿತುಬಿಟ್ಟೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಏರಲಾರೆ. ನಾಲಗೆ ಒಣಗಿತು. ತರಗತಿಯಲ್ಲಿ ಅರ್ಜುನನ ವಿಷಾದವನ್ನು ಎಷ್ಟು ಸಲ ಪಾಠ ಹೇಳಿದ್ದೆನೋ, ಅಂಗಾಂಗಗಳು ಸಡಿಲವಾಗುವುದೆಂದರೇನೆಂದು ಅಂದು ತಿಳಿಯಿತು.

ಆಕೆ ಹತ್ತು ಮಾರು ಕೆಳಗಿದ್ದವಳು ತಿರುಗಿ ನೋಡಿದಳು. ನಗಲಿಲ್ಲ. ಚಪ್ಪಲಿಗಳನ್ನು ಕಳಚಿ ಚೀಲಕ್ಕೆ ಹಾಕಿ, ಬರಿಗಾಲಿನಲ್ಲಿ ನನ್ನ ಬಳಿಗೆ ಏರಿ ಬಂದು, “ಬೂಟು ತೆಗೆಯಿರಿ. ದೂರ ನೋಡಬೇಡಿ, ನನ್ನ ಹಿಮ್ಮಡಿಯನ್ನು ನೋಡಿ. ನಾನು ಹೆಜ್ಜೆಯಿಟ್ಟಲ್ಲೇ ನೀವೂ ಇಡಿ. ಹೊಳೆಯುವ ಕಡೆ ಬೇಡ, ಕಲ್ಲು ಒರಟಾಗಿರುವ ಕಡೆ ಜಾರುವುದಿಲ್ಲ” ಎಂದಳು. ತೀರ ಕಡಿದಾದ ಕಡೆ ಕುಳಿತೇ ಸರಿದೆವು. ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯೂ ನಾನು ನೋಡಿದ್ದು ಮುರಿದು ಕೂಡಿದ ಆ ಬಲಗಾಲನ್ನೇ. ಅದು ಒಮ್ಮೆಯೂ ತಡವರಿಸಲಿಲ್ಲ.

ಬೆಟ್ಟದ ಬುಡದಲ್ಲಿ ಎಳನೀರು ಕುಡಿಯುತ್ತಾ ಕುಳಿತಾಗ ಆಕೆಯೇ ಮಾತು ತೆಗೆದಳು.

“ಈಗ ನಾನು ದಿನವೂ ನಿಮಗೆ ಮೆಟ್ಟಿಲು ಬೇಡ, ಮಹಡಿ ಬೇಡ ಎಂದು ಹೇಳುತ್ತಿರಲೇ?”

ನಾನು ತಲೆ ತಗ್ಗಿಸಿದೆ.

“ಒಂದು ವರ್ಷದಿಂದ ನೀವು ನನ್ನ ಕಾಲನ್ನು ನೋಡುತ್ತಿದ್ದಿರಿ. ನನ್ನನ್ನು ನೋಡಲಿಲ್ಲ” ಎಂದಳು. ಸ್ವರದಲ್ಲಿ ಕೋಪವಿರಲಿಲ್ಲ, ಬಹಳ ದಿನ ಹೊತ್ತಿದ್ದುದನ್ನು ಕೆಳಗಿಳಿಸಿದವರ ಆಯಾಸವಿತ್ತು. ಉತ್ತರ ಕೊಡುವುದನ್ನು ಆಕೆ ಏಕೆ ಬಿಟ್ಟಿದ್ದಳೆಂಬುದು ನನಗೆ ಆಗ ಅರ್ಥವಾಯಿತು. “ತಪ್ಪಾಯಿತು” ಎಂದೆ. ಅಧ್ಯಾಪಕನ ಬಾಯಿಂದ ಆ ಮಾತು ಸುಲಭವಾಗಿ ಬರುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಆಕೆ ನಕ್ಕು, ಎಳನೀರಿನ ಗಂಜಿಯಲ್ಲಿ ದೊಡ್ಡ ಪಾಲನ್ನು ನನಗೇ ಕೊಟ್ಟಳು.

ಈ ಸುತ್ತಾಟಕ್ಕೆ ಹೊರಡುವವರಿಗೆ ಎರಡು ಮಾತು. ಬಿಸಿಲೇರುವ ಮುನ್ನ ಹತ್ತಲಾರಂಭಿಸಿ; ನೀರು ಜೊತೆಯಲ್ಲಿರಲಿ. ಮಳೆ ಬಿದ್ದೊಡನೆ ಬೋಳು ಬಂಡೆಯಲ್ಲಿ ಇಳಿಯುವ ಸಾಹಸ ಬೇಡ; ಕಲ್ಲು ಒಣಗುವವರೆಗೆ ಕಾಯುವ ವಿವೇಕ ನಮಗೆ ಇರಲಿಲ್ಲ, ನಿಮಗಿರಲಿ.

ಇನ್ನು ನಮ್ಮ ಪಟ್ಟಿಯಲ್ಲಿ ಮುಂದಿರುವುದು ಬೆಟ್ಟವಲ್ಲ, ಕೆರೆ. ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಚಳಿ ಹಿಡಿದ ಮೇಲೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ಟುಗಳ ಸರೋವರಗಳಲ್ಲಿ ಬೇಸಗೆ ಕಳೆದು, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳವು. ಮಾನಸ ಸರೋವರದಿಂದ ಮರಳುವ ಹಂಸಗಳನ್ನು ಕವಿಸಮಯವೆಂದು ಹೇಳಿ ಇಷ್ಟು ವರ್ಷ ಮುಂದಕ್ಕೆ ಸಾಗುತ್ತಿದ್ದೆ. ಕವಿಗಳ ಮಾತಿನ ಹಿಂದೆ ಕಂಡ ಕಣ್ಣೂ ಇದ್ದೀತೆಂದು ಈಗ ತೋರುತ್ತದೆ. ನಮ್ಮ ಪ್ರಾಚೀನರು ಆಯುಸ್ಸನ್ನು ಶರತ್ತುಗಳಿಂದ ಎಣಿಸಿದರು. ಬೇಡಿದ್ದು ನೂರು ಶರತ್ತುಗಳನ್ನು. ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚನ್ನು ನಾನು ಕಿಟಕಿ ಮುಚ್ಚಿ ಕಳೆದಿದ್ದೇನೆ. ಉಳಿದವು ಎಷ್ಟೋ ತಿಳಿಯದು. ಮುಂದಿನ ಭಾನುವಾರಕ್ಕೆ ಬುತ್ತಿ ಕಟ್ಟುವ ಸರದಿ ನನ್ನದೆಂದು ಮಾತ್ರ ಮನೆಯಲ್ಲಿ ತೀರ್ಮಾನವಾಗಿದೆ.