ಫ್ಯೂಸಿನ ಪ್ರಾಣತ್ಯಾಗ

ಬೋಗಾದಿಯ ನಮ್ಮ ಮನೆಯ ಹಳೆಯ ಕಾರಿಗೆ ಒಂದು ತಿಂಗಳು ವಿಚಿತ್ರವಾದ ಜಾಡ್ಯ ಅಂಟಿಕೊಂಡಿತ್ತು. ರಸ್ತೆಯ ಹಳ್ಳಕ್ಕೆ ಇಳಿದು ಏಳುವಷ್ಟರಲ್ಲಿ ಮುಖ್ಯ ಫ್ಯೂಸು ಸುಟ್ಟುಹೋಗುತ್ತಿತ್ತು. "ದಪ್ಪ ತಂತಿ ಸುತ್ತಿಬಿಡಿ ಮೇಷ್ಟ್ರೇ, ನಿಶ್ಚಿಂತೆ" ಎಂದರು ಪಕ್ಕದ ಮನೆಯ ರಾಯರು. ನಿಶ್ಚಿಂತೆಯೇನೋ ಸರಿ, ಆಮೇಲೆ ಸುಡುವುದು ಫ್ಯೂಸಲ್ಲ, ಕಾರು! ಪ್ರವಾಹ ಎರಡರಷ್ಟಾದರೆ ತಂತಿಯ ಕಾವು ನಾಲ್ಕರಷ್ಟಾಗುತ್ತದೆಂದು ಜೂಲ್ ಸಾಹೇಬ 1841ರಲ್ಲೇ ಹೇಳಿಟ್ಟಿದ್ದಾನೆ. ಮಕ್ಕಳು ಕೂಡುವ ಗಾಡಿ. ಪೆಟ್ರೋಲಿನ ಕೊಳವೆ ಪಕ್ಕದಲ್ಲೇ.

ಮೆಕ್ಯಾನಿಕ್ ಬಂದ. ಹೊಸ ಫ್ಯೂಸು ಹಾಕಲಿಲ್ಲ. ಅದರ ಜಾಗಕ್ಕೆ 12 ವೋಲ್ಟಿನ ಬಲ್ಬೊಂದನ್ನು ಸಿಕ್ಕಿಸಿ, ಸ್ವಿಚ್ಚುಗಳನ್ನೆಲ್ಲ ಆರಿಸಿದ. ಬಲ್ಬು ಉರಿಯಲಿಲ್ಲ. ಆಮೇಲೆ ತಂತಿಗಳನ್ನು ಒಂದೊಂದಾಗಿ ಅಲುಗಿಸುತ್ತ ಹೋದ. ಹಾರನ್ನಿನ ತಂತಿಗೆ ಕೈಯಿಟ್ಟದ್ದೇ ತಡ, ಬಲ್ಬು ಧಗ್ಗನೆ ಹೊತ್ತಿಕೊಂಡಿತು! ತಗಡಿನ ತೂತಿಗಿದ್ದ ರಬ್ಬರು ಒಣಗಿ ಉದುರಿಹೋಗಿತ್ತು. ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರ ಕಾರಿನ ಮೈಯನ್ನು ಮುಟ್ಟುತ್ತಿತ್ತು. ಹೊಸ ರಬ್ಬರು, ನಾಲ್ಕು ಸುತ್ತು ಟೇಪು, ರೋಗ ಗುಣವಾಯಿತು.

ಫ್ಯೂಸು ಬೇನೆಯಲ್ಲ, ಬೇನೆಯ ನರಳಿಕೆ. ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ, ನರಳುವವರ ಬಾಯಿ ಮುಚ್ಚಿಸುವುದು ಸುಲಭ. ಎಲ್ಲಿ ಸವೆದಿದೆಯೆಂದು ಹುಡುಕುವುದಕ್ಕೆ ಮಾತ್ರ ವ್ಯವಧಾನ ಬೇಕು.