ಬಂಡೆಗಲ್ಲಿನ ಉಪದೇಶ

ಚಳ್ಳಕೆರೆಯ ದಂಪತಿಯೊಬ್ಬರು ವಿವಾಹದ 25ನೆಯ ವರ್ಷದ ನೆನಪಿಗಾಗಿ ಎರಡು ದಿನ ಪುದುಚೇರಿಗೆ ಹೋಗಿಬಂದರು. ಅವರ ಮನೆಗೆ ಭೇಟಿಯಿತ್ತಾಗ ಭಾವಚಿತ್ರಗಳನ್ನು ತೋರಿಸಿದರು: 1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಆ ನಗರದ ಹಳದಿ ಗೋಡೆಗಳು, ಫ್ರೆಂಚ್ ಹೆಸರಿನ ಬೀದಿಗಳು, ಕಡಲತೀರ. ನಾನು ಮೆಚ್ಚಿ ನೋಡುತ್ತಿದ್ದೆ. ಮೂಲೆಯಲ್ಲಿ ಕುಳಿತಿದ್ದ ವೃದ್ಧ ತಾಯಿ, “ಆ ಎರಡು ದಿನ ಪಕ್ಕದ ಮನೆಯವರೇ ಊಟ ಕೊಟ್ಟರು, ಸ್ವಾಮಿ” ಎಂದಷ್ಟೇ ನುಡಿದರು. ಮಗ ತಲೆ ತಗ್ಗಿಸಿದರು. ನಾನು ಮಾತು ಬದಲಿಸಿದೆ.

ಆ ಕ್ಷಣ ನನ್ನನ್ನು ಬಹುದಿನ ಕಾಡಿತು. ಮುಂದಿನ ತಿಂಗಳು ತಾಯಿಯನ್ನೂ ಕರೆದುಕೊಂಡು ನಾವು ನಾಲ್ವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. ಅಶೋಕ ಚಕ್ರವರ್ತಿಯ ಶಾಸನವಿರುವ ಬಂಡೆ ಅಲ್ಲಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅದೇ ಶಾಸನದ ಪ್ರತಿಗಳಿವೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರು.

“ಏನೆಂದು ಬರೆದಿದೆ, ಸ್ವಾಮಿ?” ಎಂದು ಮಗ ಕೇಳಿದರು. ಹಿಂದೆ ಓದಿದ್ದನ್ನು ನೆನೆದು ಹೇಳಿದೆ: ತಂದೆತಾಯಿಯರ ಮಾತಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು. ಕೊನೆಯ ಮಾತು ಹೇಳುವಾಗ ನನ್ನ ದನಿ ತಗ್ಗಿತು. ಅಂದು ಸತ್ಯ ನುಡಿಯಬೇಕಾದಲ್ಲಿ ಮಾತು ಬದಲಿಸಿದವನು ನಾನೇ ಅಲ್ಲವೇ? ಅದನ್ನು ಅವರೆದುರು ಒಪ್ಪಿಕೊಂಡೆ. ಸೊಸೆ ಅತ್ತೆಯ ಕೈಹಿಡಿದು ಬಂಡೆಯ ಸಮೀಪಕ್ಕೆ ಕರೆತಂದರು. “ಇಷ್ಟು ಹತ್ತಿರವಿದ್ದರೂ ನೋಡಿರಲಿಲ್ಲ” ಎಂದು ಆ ತಾಯಿ ಹಿಗ್ಗಿದರು.

ದೂರದ ನಗರಗಳನ್ನು ನೀವೂ ಸಂತೋಷದಿಂದ ನೋಡಿಬನ್ನಿ. ಹೊರಡುವ ಮುನ್ನ, ಮನೆಯಲ್ಲಿ ಉಳಿಯುವವರ ಬಳಿ ಒಂದು ಗಳಿಗೆ ಕುಳಿತುಕೊಳ್ಳಿ.