ಚೆನ್ನನ ಕಾಲು ಹಿಡಿಯದ ವರ್ಷ

ನಿವೃತ್ತನಾದ ಮೇಲೆ ನನಗೊಂದು ಹೊಸ ಚಟ ಅಂಟಿಕೊಂಡಿದೆ. ವಾರಕ್ಕೆರಡು ಸಲ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗುತ್ತೇನೆ. ನಡುವೆ ಠಾಕುರ್ಲಿ ಒಂದೇ ಸ್ಟೇಷನ್. ಅಲ್ಲಿಂದ ರಿಕ್ಷಾದಲ್ಲಿ ದುರ್ಗಾಡಿ ಕೋಟೆಯ ಕಡೆ, ಖಾಡಿಯ ಹತ್ತಿರ ಒಂದು ಎಮ್ಮೆ ತಬೇಲಾ. ಎರಡು ಲೀಟರ್ ಹಾಲು ತಂದರೆ ನನ್ನ ಕೆಲಸ ಮುಗಿಯಿತು. ಡೊಂಬಿವಲಿಯಲ್ಲಿ ಹಾಲಿಗೇನು ಬರವೇ? "ಹಾಲು ಬರೇ ನೆವ, ಇವರಿಗೆ ಸಗಣಿ ವಾಸನಿ ಬೇಕಾಗೇತಿ" ಎನ್ನುತ್ತಾಳೆ ನನ್ನ ಹೆಂಡತಿ. ಮೂವತ್ತೈದು ವರ್ಷ ಜೊತೆಗಿದ್ದವಳಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ.

ಆ ತಬೇಲಾದ ಎಮ್ಮೆಗಳು ಗುಜರಾತಿನಿಂದಲೋ ಹರಿಯಾಣದಿಂದಲೋ ಕರು ಹಾಕಿದ ಹೊಸದರಲ್ಲಿ ಬರುತ್ತವೆ, ಹಾಲು ಬತ್ತಿದ ಮೇಲೆ ಹೋಗುತ್ತವೆ. ಇರುವಷ್ಟು ದಿನ ಕಟ್ಟಿದಲ್ಲೇ. ಹುಲ್ಲು ಅವುಗಳ ಹತ್ತಿರ ಬರುತ್ತದೆಯೇ ಹೊರತು ಅವು ಹುಲ್ಲಿನ ಹತ್ತಿರ ಹೋಗುವುದಿಲ್ಲ. ಒಂದು ದಿನ ತಡೆಯಲಾರದೆ ಅಲ್ಲಿಯ ಭೈಯ್ಯಾನನ್ನು ಕೇಳಿದೆ: "ಗಂಡುಕರುಗಳನ್ನು ಏನು ಮಾಡುತ್ತೀರಿ?" ಅವನು ಕ್ಯಾನು ತೊಳೆಯುತ್ತ, "ಅದರದ್ದೇನು ಕೆಲಸ ಸಾಬ್ ಇಲ್ಲಿ?" ಎಂದ. ಕೋಣಗರು ಬೆಳೆದು ದೊಡ್ಡದಾದದ್ದನ್ನು ನಾನಂತೂ ಅಲ್ಲಿ ಕಂಡಿಲ್ಲ.

ನಮ್ಮೂರಲ್ಲಿ ಗಂಡುಕರುವಿಗೆ ಕೆಲಸವಿತ್ತು. ಆ ಕೆಲಸಕ್ಕೆ ಅದನ್ನು ಅಣಿಮಾಡುವ ಕಾಲ ಶಿವರಾತ್ರಿಗೆ ಶುರುವಾಗಿ ರೋಹಿಣಿ ಮಳೆಗೆ ಮುಗಿಯುತ್ತಿತ್ತು. ನಮ್ಮದು ಹಾನಗಲ್ಲ ಕಡೆಯ ಹಳ್ಳಿ. ಆಗ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ಬಿಸಿಲು ಏರುವ ಮೊದಲು, ಯುಗಾದಿಯೊಳಗೆ, ಎರಡು ವರ್ಷ ದಾಟಿದ ಹೋರಿಗಳ ಬೀಜ ಒಡೆಸಬೇಕು. ಅದಕ್ಕಿಂತ ಮೊದಲೇ ಒಡೆಸಿದರೆ ಕುತ್ತಿಗೆ, ಇಣಿ ತುಂಬುವುದಿಲ್ಲ ಎಂದು ನಮ್ಮ ಹಿರಿಯರ ಲೆಕ್ಕ. ಆಮೇಲೆ ಎತ್ತುಗಳಿಗೆ ಲಾಳ, ಕಾಲಿಗೆರಡರಂತೆ ಎಂಟು. ಮಳೆಗಿಂತ ಮುಂಚೆ ಗಂಟಲುಬೇನೆ, ಚಪ್ಪೆಬೇನೆಯ ಚುಚ್ಚುಮದ್ದು. ಕೊನೆಗೆ ಮಳೆ ಬಿದ್ದು ಗಾಯರಾಣ ಹಸಿರಾದ ಮೇಲೆ ದನ ಹೊರಗೆ ಬಿಡುವುದು. ಅದೂ ಸುಮ್ಮನೆ ಬಿಡುವುದಲ್ಲ. ಬೆಳಿಗ್ಗೆ ಒಣ ಕಣಿಕೆ ತಿನ್ನಿಸಿಯೇ ಬಿಡಬೇಕು. ಖಾಲಿ ಹೊಟ್ಟೆಯಲ್ಲಿ ಹಸಿ ಎಳೆಹುಲ್ಲು ಮೇಯ್ದರೆ ಹೊಟ್ಟೆ ಉಬ್ಬರಿಸುತ್ತದೆ. ಎಳೆ ಜೋಳಕ್ಕೆ ಬಾಯಿ ಹಾಕಿದರಂತೂ ವಿಷ, ಗಳಿಗೆಯೊಳಗೆ ದನ ನೆಲಕ್ಕೆ ಬೀಳುತ್ತದೆ.

ಇಡೀ ಊರಿನ ದನ ಗಾಯರಾಣದಲ್ಲಿ ಒಂದಾಗುತ್ತಿದ್ದವು. ಬೀಜದ ಹೋರಿಗಳು ನಾಲ್ಕಿದ್ದರೆ ಅಲ್ಲಿ ಮೇಯುವುದಕ್ಕಿಂತ ಕಾದಾಟವೇ ಹೆಚ್ಚು. ಮೊದಲನೆಯ ಕೆಲಸಕ್ಕೂ ಕೊನೆಯ ಕೆಲಸಕ್ಕೂ ಇದ್ದ ಸಂಬಂಧ ಇದೇ. ಇಷ್ಟು ಸರಳ ಸಂಗತಿ ಎಂ.ಕಾಂ. ಮುಗಿಸಿದ ನನಗೆ ಹೊಳೆಯದೆ ಹೋಯಿತು.

ನಾನು ಮೊದಲ ಸಲ ಹೋರಿಯ ಕಾಲು ಹಿಡಿದಾಗ ಹದಿನಾಲ್ಕು ವರ್ಷದವ. ದನದ ಡಾಕ್ಟರು ಬರ್ಡಿಝೋ ಎಂಬ ದೊಡ್ಡ ಇಕ್ಕಳ ತಂದಿದ್ದರು. ಅದು ಇಟಲಿಯವನೊಬ್ಬ ಕಂಡುಹಿಡಿದದ್ದಂತೆ. ಹಗ್ಗ ಸುತ್ತಿ ಹೋರಿಯನ್ನು ಹಿಟ್ಟಂಗಿಯ ಪಕ್ಕದ ಮೆತ್ತನೆಯ ಮಣ್ಣಿನಲ್ಲಿ ಕೆಡವಿದರು. ದೊಡ್ಡಪ್ಪ ಕುತ್ತಿಗೆ ಒತ್ತಿ ಕುಳಿತ, ಹಿಂಗಾಲು ನನ್ನ ಪಾಲಿಗೆ. ಡಾಕ್ಟರು ತೊಗಲಿನ ಮೇಲಿಂದಲೇ ಬೀಜದ ನರ ಹುಡುಕಿ, ಒಂದು ಬದಿಗೆ ಸರಿಸಿ, ಇಕ್ಕಳ ಒತ್ತಿದರು. "ಕಟಕ್" ಎಂಬ ಸಪ್ಪಳ. ಆಮೇಲೆ ಇನ್ನೊಂದು ಬದಿ, ಸ್ವಲ್ಪ ಮೇಲೆ-ಕೆಳಗೆ. ಎರಡೂ ಗೆರೆ ಕೂಡಿದರೆ ರಕ್ತ ಓಡದೆ ತೊಗಲೇ ಸತ್ತುಹೋಗುತ್ತದೆ. ಒಂದು ಹನಿ ರಕ್ತ ಬೀಳಲಿಲ್ಲ. ಮರದ ತುಂಡುಗಳ ನಡುವೆ ಇಟ್ಟು ಜಜ್ಜುತ್ತಿದ್ದ ಕಾಲ ಕಂಡಿದ್ದ ನಮ್ಮಜ್ಜನಿಗೆ ಇದು ಪವಾಡ. "ಅಂಜಬ್ಯಾಡ, ಗಟ್ಯಾಗಿ ಹಿಡಿ. ನೀ ಸಡ್ಲ ಬಿಟ್ರ ಅದಕ್ಕ ಜಾಸ್ತಿ ನೋವು" ಎಂದಿದ್ದ ನಮ್ಮಪ್ಪ. ಎಲ್ಲ ಮುಗಿದ ಮೇಲೆ ಹೋರಿಗೆ ಬೆಲ್ಲ ತಿನ್ನಿಸಿ, ಅದರ ಹಣೆ ಮುಟ್ಟಿ, "ತಪ್ಪಾತಪಾ" ಎಂದ. ಪ್ರತಿ ಸಲವೂ ಹಾಗೆಯೇ ಹೇಳುತ್ತಿದ್ದ.

ಬ್ಯಾಂಕು ಸೇರಿ ಮುಂಬಯಿಗೆ ಬಂದ ಮೇಲೆ ಆ ಕಾಲ ನನ್ನ ಕೈತಪ್ಪಿತು. ಊರಲ್ಲಿ ಹೋರಿ ಕೆಡವುವ ತಿಂಗಳೇ ಬ್ಯಾಂಕಿನವನಿಗೆ ಲೆಕ್ಕ ಮುಚ್ಚುವ ತಿಂಗಳು. ಮಾರ್ಚಿನಲ್ಲಿ ರಜೆ ಕೇಳುವುದೂ ಒಂದೇ, ರಾಜೀನಾಮೆ ಕೊಡುವುದೂ ಒಂದೇ.

1993ರಲ್ಲಿ ನಮ್ಮ ಶಾಖೆ ಫೋರ್ಟಿನಲ್ಲಿತ್ತು. ಮಾರ್ಚ್ 12ರಂದು ಬಾಂಬ್ ಸಿಡಿದವು, ಮೊದಲನೆಯದು ಶೇರು ಮಾರುಕಟ್ಟೆಯ ಕಟ್ಟಡದಲ್ಲಿ. ಅಂದು ಬೀದಿಯಲ್ಲಿ ಕಂಡದ್ದನ್ನು ಇಲ್ಲಿ ಬರೆಯಲಾರೆ. ರಾತ್ರಿ ಡೊಂಬಿವಲಿಯ ಮನೆ ಮುಟ್ಟಿದಾಗ ಅಣ್ಣನ ಪತ್ರ ಬಂದಿತ್ತು: ನಮ್ಮ ಚೆನ್ನನಿಗೆ ಎರಡು ತುಂಬಿತು, ಯುಗಾದಿಯೊಳಗೆ ಡಾಕ್ಟರನ್ನು ಕರೆಸುತ್ತೇವೆ, ನೀನು ಇದ್ದಿದ್ದರೆ ಕಾಲು ಹಿಡಿಯಲು ಆಗುತ್ತಿತ್ತು. ನಾನು ಅಲ್ಲೇ ಕುಳಿತು ಉತ್ತರ ಬರೆದೆ. ಲೋಕದಲ್ಲಿ ಹಿಂಸೆ ಸಾಕಷ್ಟಿದೆ, ಮೂಕಪ್ರಾಣಿಯೊಂದನ್ನಾದರೂ ಹಾಗೇ ಬಿಡಿ, ದಯವಿಟ್ಟು ಒಡೆಸಬೇಡಿ ಎಂದು. ನಾಲ್ಕು ಪುಟ! ಲೆಡ್ಜರ್ ಬರೆಯುವ ಕೈಗೆ ಅಂದು ಎಲ್ಲಿಂದ ಅಷ್ಟು ಮಾತು ಬಂದವೋ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆ ಕೂಡ ಕ್ರಮಬದ್ಧವಾಗಿ ಬೀಜ ಒಡೆಯುವುದನ್ನು, ಮೂಗುದಾರ ಹಾಕುವುದನ್ನು ಹಿಂಸೆಯ ಪಟ್ಟಿಯಿಂದ ಹೊರಗಿಟ್ಟಿದೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ಕಲಿತ ಮಗ ಬರೆದಿದ್ದಾನೆಂದು ಅಪ್ಪ ಒಪ್ಪಿಬಿಟ್ಟ. ಆ ದೀಪಾವಳಿಗೆ ನಾನು ಊರಿಗೆ ಹೋದಾಗ ಚೆನ್ನ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರ ಕಟ್ಟಿಕೊಂಡು ಓಡಿದ. ಒಬ್ಬನೂ ಸರ ಕೀಳಲಾಗಲಿಲ್ಲ. ಹುಡುಗರು ಶಿಳ್ಳೆ ಹಾಕಿದರು, ನಾನೂ ಹಾಕಿದೆ. ಅಪ್ಪ ಮಾತ್ರ ಹಗ್ಗ ನೋಡುತ್ತ ನಿಂತಿದ್ದ.

1994ರ ಜೂನಿನಲ್ಲಿ ದನ ಹೊರಗೆ ಬಿಟ್ಟ ಮೊದಲ ದಿನ. ಬೆದೆಗೆ ಬಂದ ಯಾರದೋ ಆಕಳ ಹಿಂದೆ ಚೆನ್ನ ನುಗ್ಗಿದ. ಎದುರಿಗೆ ಇನ್ನೊಂದು ಹೋರಿ ಬಂತು. ಅಪ್ಪ ಹಗ್ಗ ಹಿಡಿಯಲು ಹೋದ. ಹಗ್ಗ ಮುಂಗೈಗೆ ಸುತ್ತಿಕೊಂಡು ಅವನನ್ನು ಗಾಯರಾಣದ ಕಲ್ಲುಗಳ ಮೇಲೆ ಎಳೆದೊಯ್ದಿತು. ತೊಡೆಯ ಮೇಲಿನ ಎಲುಬು ಮುರಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು. ಆಮೇಲೆ ಅಪ್ಪ ನೇಗಿಲು ಹಿಡಿಯಲಿಲ್ಲ, ಒಂಬತ್ತು ವರ್ಷ ಕೋಲಿನ ಮೇಲೆ ನಡೆದ.

ಸುದ್ದಿ ತಿಳಿದು ನಾನು ಹೋದಾಗ ಮಂಚದ ಮೇಲಿಂದಲೇ ಕೇಳಿದ: "ಚೆನ್ನನ್ನ ಮಾರಿಲ್ಲ ಹೌದಲ್ಲೋ? ಅದರ ತಪ್ಪಿಲ್ಲ." ಯಾರ ತಪ್ಪೆಂದು ಹೇಳಲಿಲ್ಲ. ಆ ಚಳಿಗಾಲದಲ್ಲಿ ಅಣ್ಣ ಬೀಜ ಒಡೆಸಿದ. ಬಲಿತ ಹೋರಿ, ಬಾವು ಇಳಿಯಲು ಬಹಳ ದಿನ ಹಿಡಿಯಿತಂತೆ, ಕರುವಾಗಿದ್ದಾಗ ಪಡಬೇಕಾದ್ದಕ್ಕಿಂತ ಹೆಚ್ಚೇ ನೋವು ತಿಂದಿತಂತೆ. ಆಮೇಲೆ ಹತ್ತು ವರ್ಷ ಒಳ್ಳೆಯ ಎತ್ತಾಗಿ ದುಡಿಯಿತು. ಅಪ್ಪ ಕಟ್ಟೆಯ ಮೇಲೆ ಕುಳಿತು ಅದು ಹೊಲಕ್ಕೆ ಹೋಗುವುದನ್ನು ನೋಡುತ್ತಿದ್ದ. ನನ್ನ ಪತ್ರದ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ಅದನ್ನು ಇಟ್ಟಿದ್ದನೋ ಹರಿದಿದ್ದನೋ, ಅವನ ಟ್ರಂಕಿನಲ್ಲಿ ಹುಡುಕಲು ನನಗೆ ಧೈರ್ಯ ಬರಲಿಲ್ಲ.

ಈಗ ಊರಲ್ಲಿ ಉಳುವುದೆಲ್ಲ ಟ್ರ್ಯಾಕ್ಟರ್. ಆದರೂ ಎಡೆ ಹೊಡೆಯಲು ಅಣ್ಣ ಒಂದು ಜೋಡಿ ಇಟ್ಟಿದ್ದಾನೆ. ಜೋಡಿಯ ಒಂದಕ್ಕೆ ವಯಸ್ಸಾಯಿತೆಂದು ಮನೆಯಲ್ಲೇ ಹುಟ್ಟಿದ ಹೋರಿಯೊಂದನ್ನು ಬೆಳೆಸಿದ್ದಾರೆ. ಶಿವರಾತ್ರಿ ಮುಗಿದ ವಾರ ಅಣ್ಣನ ಮಗ ಫೋನ್ ಮಾಡಿದ. ನಾನು ಆಗಷ್ಟೇ ತಬೇಲಾದಿಂದ ಹಾಲು ತಂದಿದ್ದೆ.

"ಕಾಕಾ, ಸಣ್ಣ ಹೋರಿಗೆ ಬೀಜ ಒಡಸೋಣಂತ ಮಾಡೇವಿ. ಗೆಳ್ಯಾರು ಬ್ಯಾಡ ಅಂತಾರ್ರಿ, ಹಬ್ಬಕ್ಕ ಬಿಡೋಣು, ಬೈಕ್ ಬಹುಮಾನ ಐತಿ ಅಂತ. ನೀವೇನಂತೀರಿ?"

"ನಿಮ್ಮಪ್ಪನ್ನ ಕೇಳೋ."

"ಅಪ್ಪಾರ ನಿಮ್ಮನ್ನ ಕೇಳು ಅಂದ್ರು."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕೈಯಲ್ಲಿದ್ದ ಹಾಲಿನ ಕ್ಯಾನು ಇನ್ನೂ ಬೆಚ್ಚಗಿತ್ತು.

"ಡಾಕ್ಟರು ಯಾವಾಗ ಬರ್ತಾರ?"

"ಬರೋ ಸೋಮವಾರ ಅಂದಾರ್ರಿ."

"ಸೋಮವಾರ ಬ್ಯಾಡ, ಬಸವಣ್ಣನ ವಾರ. ಮಂಗಳವಾರ ಬರಾಕ ಹೇಳು. ನಾ ಶನಿವಾರ ರಾತ್ರಿ ಬಸ್ ಹಿಡೀತೇನಿ. ಕಾಲು ಹಿಡಿಯಾಕ ಒಬ್ರು ಬೇಕಲ್ಲ."

ಅವನು ನಕ್ಕ. "ಈಗ ನೋವು ಗೊತ್ತಾಗಧಂಗ ಸೂಜಿ ಹಾಕ್ತಾರ್ರಿ ಕಾಕಾ. ಕಾಲು ಹಿಡಿಯೂದು ಅಷ್ಟೇನೂ ಇರೂದಿಲ್ಲ."

"ಇರಲಿ," ಎಂದೆ. "ಬೆಲ್ಲ ತಂದಿಡು."